ಸತ್ಯಾಂಶ: ಮಗುವಿನ ಮಾತಿಗಾಗಿ ಮೂರು ವರ್ಷ ಕಾಯಬೇಕೇ?

‘ಗಂಡುಮಕ್ಕಳಿಗೆ ಮಾತು ತಡ, ಮೂರು ವರ್ಷದವರೆಗೆ ಡಾಕ್ಟರ ಬಳಿ ಹೋಗಬೇಡಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ಹುಡುಗರು ಸರಾಸರಿಯಲ್ಲಿ ತುಸು ಹಿಂದಿರಬಹುದು. ಆ ಅಂತರ ವರ್ಷಗಟ್ಟಲೆಯದಲ್ಲ.

ವರ್ಷ ತುಂಬಿದರೂ ತೊದಲು ನುಡಿಯಿಲ್ಲ, ಬೆರಳು ಮಾಡಿ ತೋರಿಸುವುದಿಲ್ಲ, ಎರಡಾದರೂ ‘ಅಮ್ಮ ಬಾ’ ಎಂದು ಎರಡು ಪದ ಜೋಡಿಸುವುದಿಲ್ಲ ಎಂಬುದರಲ್ಲಿ ಯಾವುದೊಂದಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ಆಡುತ್ತಿದ್ದ ಮಾತೇ ನಿಂತರಂತೂ ಯಾವ ವಯಸ್ಸಾದರೂ ಸರಿ, ತಡ ಮಾಡಬೇಡಿ. ಮೊದಲು ಕಿವಿ ಪರೀಕ್ಷೆ ಆಗಲಿ. ಸದ್ದಿಗೆ ತಿರುಗುವ ಮಗುವಿಗೂ ಮಾತು ಸ್ಪಷ್ಟವಾಗಿ ಕೇಳಿಸದಿರಬಹುದು, ಮನೆಯವರಿಗೆ ಇದು ಎಷ್ಟೋ ಸಲ ತಿಳಿಯುವುದೇ ಇಲ್ಲ!

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲೇ ಉಚಿತ ತಪಾಸಣೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಪರೀಕ್ಷಿಸುತ್ತಾರೆ.