ಮಳೆ ಪೈಪಿನ ತುದಿ ಎಲ್ಲಿದೆ, ಸ್ವಾಮಿ?

ಇವತ್ತು ಸಂಜೆ ಮಳೆ ಜಡಿಯುತ್ತಿದ್ದಾಗ ಪಕ್ಕದ ಕ್ರಾಸಿನಲ್ಲಿ ಕಂಡಿದ್ದು. ನಾಲ್ಕು ಮಹಡಿಯ ಕಟ್ಟಡ. ಟೆರೇಸಿನಿಂದ ಇಳಿದ ಎರಡು ನಾಲ್ಕಿಂಚಿನ ಪೈಪುಗಳು ಕಾಂಪೌಂಡಿನ ತೂತಿನಿಂದ ಮೂತಿ ಹೊರಹಾಕಿ ರಸ್ತೆಗೆ ದಬದಬ ಸುರಿಯುತ್ತಿವೆ. ಅದೇ ಗೇಟಿನ ಮುಂದೆ ಟ್ಯಾಂಕರ್ ನಿಂತಿದೆ, ಹುಡುಗನೊಬ್ಬ ತೊಯ್ದು ತೊಪ್ಪೆಯಾಗಿ ಹೋಸ್ ಎಳೆದು ಅವರ ಸಂಪಿಗೆ ನೀರು ಬಿಡುತ್ತಿದ್ದಾನೆ. ಪೈಪಿನ ನೀರು ಟ್ಯಾಂಕರಿನ ಚಕ್ರ ತೊಳೆದು ಮೋರಿ ಕಡೆ ಹೋಗ್ತಿದೆ. ಮನೆಯಲ್ಲಿ ಮಾಡಿದ ಅಡುಗೆ ಚೆಲ್ಲಿ ಹೋಟೆಲಿಂದ ಪಾರ್ಸೆಲ್ ತರಿಸಿದ ಹಾಗೆ.

ಮತ್ತೆ ಪೈಪಿನ ವಿಷಯ ಶುರುವಾಯ್ತಾ ಅಂತ ನಗುವವರು ನಗಿ. ನನ್ನ ಗೆಳೆಯರ ಬಳಗಕ್ಕೆ ಇದು ಹೊಸದಲ್ಲ. ಆದರೆ ನಮ್ಮ ಬೆಂಗಳೂರಿನ ಮುಕ್ಕಾಲು ಪಾಲು ಮಳೆಕೊಯ್ಲಿನ ಕಥೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೆ: ಆ ಪೈಪಿನ ತುದಿ ಎಲ್ಲಿದೆ?

ಕಾನೂನು ಇಲ್ಲ ಅನ್ನೋ ಹಾಗಿಲ್ಲ. 2009ರಲ್ಲೇ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ಆಗಿದೆ. 40-60 ಅಡಿ ಅಳತೆ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆ ಕಟ್ಟಡಗಳಿಗೆ, 30-40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಕಟ್ಟಡಗಳಿಗೆ ಮಳೆಕೊಯ್ಲು ಕಡ್ಡಾಯ. ಮಾಡದಿದ್ದರೆ ನೀರಿನ ಬಿಲ್ಲಿನಲ್ಲಿ ದಂಡ. ಅದಕ್ಕೆ ನಮ್ಮ ಜನ ಕಂಡುಕೊಂಡ ಉಪಾಯ ಏನು? ಗೋಡೆಗೆ ಒಂದು ಪೈಪು, ಅದರ ಬುಡದಲ್ಲಿ ಒಂದು ನೀಲಿ ಡ್ರಮ್ಮು, ಅದರೊಳಗೆ ನಾಲ್ಕು ಬಾಂಡ್ಲಿ ಜಲ್ಲಿ. ಫೋಟೋ ಹೊಡೆದಾಯ್ತು, ದಂಡ ಹೋಯ್ತು. ಡ್ರಮ್ಮಿನ ಔಟ್‌ಲೆಟ್? ಸೀದಾ ಮೋರಿಗೆ. ಮಳೆಯನ್ನು ಶುದ್ಧವಾಗಿ ಸೋಸಿ ಚರಂಡಿಗೆ ಬಿಡುವ ಜಗತ್ತಿನ ಏಕೈಕ ನಗರ ನಮ್ಮದೇ ಇರಬೇಕು.

ಲೆಕ್ಕ ಹೇಳ್ತೀನಿ, ಕಷ್ಟ ಏನಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 30-40 ಸೈಟಿನ ಮನೆಯ ಟೆರೇಸ್ 1,000 ಚದರಡಿ ಅಂತ ಇಟ್ಟುಕೊಳ್ಳಿ, ಅಂದರೆ 93 ಚದರ ಮೀಟರ್. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಗುಣಿಸಿದರೆ 90,000 ಲೀಟರ್. ಆವಿಯಾಗಿದ್ದು, ಮೊದಲ ಕೊಳೆ ನೀರು, ಉಕ್ಕಿ ಹೋಗಿದ್ದು ಎಲ್ಲ ಕಳೆದರೂ 75,000 ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹನ್ನೆರಡು ಲೋಡು. ಅದೂ ಒಂದೇ ತಿಂಗಳಲ್ಲಿ ಸುರಿದು ಮುಗಿಯುವ ಮಳೆಯಲ್ಲ. ಏಪ್ರಿಲ್ ಕೊನೆಯ ಭರಣಿಯಿಂದ ಹಿಡಿದು ಸೆಪ್ಟೆಂಬರಿನ ಹುಬ್ಬ, ಉತ್ತರೆ ದಾಟಿ ನವೆಂಬರ್ ತನಕ ಬಿಟ್ಟು ಬಿಟ್ಟು ಬರುವ ಮಳೆ. ಇಂಥ ಮಳೆಗೆ ಸಣ್ಣ ಸಂಪು ಸಾಕು, ತುಂಬುತ್ತೆ, ಖಾಲಿಯಾಗುತ್ತೆ, ಮತ್ತೆ ತುಂಬುತ್ತೆ. ರಾಜಸ್ಥಾನದವರು ಈ ಹಂಚಿಕೆ ನೋಡಿದರೆ ಹೊಟ್ಟೆ ಉರಿದುಕೊಳ್ತಾರೆ.

ಈಗ ಎಲ್ಲೆಲ್ಲಿ ಕೆಡುತ್ತೆ ನೋಡಿ. ಮಾಡಿದವರ ಮನೆಗಳಲ್ಲೂ ಕೆಡುತ್ತೆ, ಅದೇ ಬೇಜಾರು.

ಮೊದಲನೆಯದು ಟೆರೇಸೇ. ಫೆಬ್ರುವರಿ, ಮಾರ್ಚಿನಲ್ಲಿ ಉದುರಿದ ಹೊಂಗೆ ಎಲೆ, ಪಾರಿವಾಳದ ಹಿಕ್ಕೆ, ಒಡೆದ ಹೂಕುಂಡದ ಮಣ್ಣು, ಹಿಂದಿನ ಮಾಲೀಕರು ಬಿಟ್ಟುಹೋದ ಕಮೋಡು, ಎಲ್ಲ ಅಲ್ಲೇ ಇರುತ್ತೆ. ಭರಣಿ ಮಳೆಗೆ ಮುಂಚೆ ಒಂದು ಸಲ ಗುಡಿಸಿ ತೊಳೆಯಬೇಕು, ಪೈಪಿನ ಬಾಯಿಗೆ ಜಾಲರಿ ಕೂರಿಸಬೇಕು. ಚಪ್ಪಟೆ ಜಾಲರಿ ಹಾಕಿದರೆ ಎರಡು ಎಲೆ ಮುಚ್ಚಿದರೂ ಟೆರೇಸ್ ಕೆರೆಯಾಗುತ್ತೆ. ಗುಮ್ಮಟದ ಥರ ಮೇಲೆದ್ದಿರುವ ಜಾಲರಿ ಸಿಗುತ್ತೆ, ಅದನ್ನೇ ಕೇಳಿ ತನ್ನಿ.

ಎರಡನೆಯದು ಮೊದಲ ಮಳೆಯ ಕೊಳೆ ನೀರು. ಕನಿಷ್ಠ ಮೊದಲ ಒಂದು ಮಿ.ಮೀ. ಮಳೆ ಹೊರಗೆ ಹೋಗಬೇಕು. ಮೇಲಿನ ಟೆರೇಸಿಗೆ ಅದು 93 ಲೀಟರ್. ನಮ್ಮ ಪ್ಲಂಬರ್‌ಗಳು ಏನು ಮಾಡ್ತಾರೆ? ಮೂರಡಿ ಉದ್ದದ ನಾಲ್ಕಿಂಚಿನ ಪೈಪು ನೇತುಹಾಕಿ, ತಳಕ್ಕೆ ಎಂಡ್ ಕ್ಯಾಪ್ ಜಡಿದು, 'ಫಸ್ಟ್ ಫ್ಲಶ್ ಆಯ್ತು ಸಾರ್' ಅಂತಾರೆ. ಆ ಪೈಪಿನಲ್ಲಿ ಹಿಡಿಯೋದು ಏಳೆಂಟು ಲೀಟರ್. ಉಳಿದ ಕೊಳೆಯೆಲ್ಲ ಸಂಪಿಗೆ. ಆಮೇಲೆ ಮನೆಯವರು 'ಮಳೆ ನೀರು ವಾಸನೆ ಬರುತ್ತೆ ರೀ, ಸರಿಯಿಲ್ಲ' ಅಂತ ಊರೆಲ್ಲ ಸಾರ್ತಾರೆ. ಮಳೆಯದೇನು ತಪ್ಪು? ನೂರು ಲೀಟರಿನ ಡ್ರಮ್ ಇಡಿ, ತಳದಲ್ಲಿ ನಲ್ಲಿ ಹಾಕಿ ಸಣ್ಣಗೆ ಬಿಟ್ಟಿರಿ, ಮುಂದಿನ ಮಳೆ ಹೊತ್ತಿಗೆ ತಾನೇ ಖಾಲಿಯಾಗಿರುತ್ತೆ. ಆ ನೀರು ಗಿಡಕ್ಕೆ ಆಗುತ್ತೆ.

ಮೂರನೆಯದು ಸೋಸುವ ಡ್ರಮ್. ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಇದ್ದಿಲು, ಎಲ್ಲದರ ಮೇಲೆ ದಪ್ಪ ಮರಳು. ಪ್ರತಿ ಪದರದ ನಡುವೆ ನೈಲಾನ್ ಬಲೆ. ಬಲೆ ಹಾಕದಿದ್ದರೆ ಒಂದೇ ಮಳೆಗಾಲದಲ್ಲಿ ಮರಳು ಜಲ್ಲಿಯೊಳಗೆ ಇಳಿದು ಎಲ್ಲ ಕಲಸುಮೇಲೋಗರ. ಎಂ ಸ್ಯಾಂಡ್ ತೊಳೆಯದೆ ಹಾಕಿದರೆ ಅದರ ಪುಡಿಯೇ ಸಂಪಿನ ತಳದಲ್ಲಿ ಕೂರುತ್ತೆ. ಮರಳಿನ ಮೇಲ್ಪದರವನ್ನು ವರ್ಷಕ್ಕೊಮ್ಮೆಯಾದರೂ ತೆಗೆದು ತೊಳೆಯಬೇಕು. ಯಾರು ತೊಳೀತಾರೆ? ಡ್ರಮ್ ಕಟ್ಟಿಕೊಂಡು ನೀರು ಇಳಿಯೋದು ನಿಂತ ದಿನ, ಪ್ಲಂಬರ್ ಬಂದು ಡ್ರಮ್ಮನ್ನೇ ಬೈಪಾಸ್ ಮಾಡಿ ಪೈಪಿನ ತುದಿಯನ್ನು ರಸ್ತೆಗೆ ತಿರುಗಿಸ್ತಾನೆ. ಐನೂರು ರೂಪಾಯಿ ಇಸ್ಕೊಂಡು ಹೋಗ್ತಾನೆ.

ನಾಲ್ಕನೆಯದನ್ನು ಯಾರೂ ಹೇಳೋದೇ ಇಲ್ಲ, ಅಸಲು ರೋಗವೇ ಅದು. ಸಂಪಿನಲ್ಲಿ ಜಾಗ ಇರಲ್ಲ. ಎಂಟಡಿ ಉದ್ದ, ಆರಡಿ ಅಗಲ, ಐದಡಿ ಆಳದ ಸಂಪು ಅಂದರೆ ಸುಮಾರು 6,800 ಲೀಟರ್. ದಿನ ಬಿಟ್ಟು ದಿನ ಕಾವೇರಿ ಬರುತ್ತೆ, ನೀರು ತುಂಬಿದರೆ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವನ್ನು ಸಂಪಿನ ಕತ್ತಿನ ಮಟ್ಟಕ್ಕೆ ಕೂರಿಸಿರ್ತಾರೆ, ಸಂಪು ಯಾವಾಗಲೂ ಭರ್ತಿ. ಮಳೆ ಬಂದಾಗ ಹೊಸ ನೀರಿಗೆ ಎಲ್ಲಿದೆ ಜಾಗ? ಓವರ್‌ಫ್ಲೋ ಪೈಪಿನಿಂದ ಮೋರಿಗೆ. ಮಳೆಗಾಲದ ತಿಂಗಳುಗಳಲ್ಲಿ ಆ ಫ್ಲೋಟನ್ನು ಎರಡಡಿ ಕೆಳಗೆ ಇಳಿಸಿ ಕಟ್ಟಿ ಸಾಕು, 2,700 ಲೀಟರ್ ಜಾಗ ಸಿಗುತ್ತೆ. 25 ಮಿ.ಮೀ. ಮಳೆ ಸುರಿದರೆ ಆ ಟೆರೇಸಿನಿಂದ ನಷ್ಟ ಕಳೆದು ಬರೋದು ಸುಮಾರು 2,000 ಲೀಟರ್, ಆರಾಮಾಗಿ ಹಿಡಿಯುತ್ತೆ. ಖರ್ಚು? ಒಂದು ತುಂಡು ದಾರ. ಸಂಪಿನ ಮುಚ್ಚಳ ಬಿಗಿಯಾಗಿದ್ದು, ಗಾಳಿ ಪೈಪಿಗೆ ಸೊಳ್ಳೆ ಪರದೆ ಕಟ್ಟಿ, ಬೆಳಕು ಬೀಳದ ಹಾಗೆ ನೋಡಿಕೊಂಡರೆ ಪಾಚಿಯೂ ಇಲ್ಲ, ಸೊಳ್ಳೆಯೂ ಇಲ್ಲ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರಿಗಿಂತ ಎಷ್ಟೋ ವಾಸಿ. ಗಡಸು ನೀರಲ್ಲ, ಗೀಸರಿನ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟಲ್ಲ. ಕುಡಿಯೋದಾದರೆ ಕುದಿಸಿ ಕುಡೀರಿ, ಅಷ್ಟೇ.

ಸಂಪಿನಿಂದ ಉಕ್ಕಿದ್ದು ಇಂಗುಬಾವಿಗೆ ಹೋಗಬೇಕು. ಮೂರಡಿ ವ್ಯಾಸ, ಇಪ್ಪತ್ತಡಿ ಆಳ. ಒಂದಡಿ ಎತ್ತರದ ಕಾಂಕ್ರೀಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸ್ತಾರೆ, ರಿಂಗಿನಲ್ಲಿ ತೂತುಗಳಿರುತ್ತವೆ, ಹೊರಗಿನ ಸಂದಿಗೆ ಜಲ್ಲಿ ತುಂಬ್ತಾರೆ. ಒಮ್ಮೆಗೆ 4,000 ಲೀಟರ್ ಹಿಡಿಯುತ್ತೆ. ಇದನ್ನು ತಲೆಮಾರುಗಳಿಂದ ಬಲ್ಲವರು ಮಣ್ಣು ವಡ್ಡರು, ಸರ್ಜಾಪುರದ ಕಡೆ ಭೋವಿಪಾಳ್ಯದಲ್ಲಿ ಈಗಲೂ ಇದ್ದಾರೆ. ಮಣ್ಣಿನ ಬಣ್ಣ ನೋಡಿಯೇ ಎಷ್ಟಡಿಗೆ ಬಂಡೆ ಸಿಗುತ್ತೆ ಅಂತ ಅಂದಾಜು ಹೇಳ್ತಾರೆ. ನಾವೋ, ಮನೆ ಕಟ್ಟಿದ ಮೇಸ್ತ್ರಿಗೇ 'ಹಾಗೇ ಒಂದು ಗುಂಡಿ ತೋಡಿಬಿಡಪ್ಪ' ಅಂತೀವಿ. ಅವನು ಅಭ್ಯಾಸಬಲದಿಂದ ತಳಕ್ಕೆ ಕಾಂಕ್ರೀಟ್ ಹಾಕಿ, ಒಳಗೆ ನೈಸಾಗಿ ಪ್ಲಾಸ್ಟರ್ ಮಾಡ್ತಾನೆ. ಬಾವಿಯಲ್ಲ, ಇನ್ನೊಂದು ಸಂಪು! ಇಂಗೋದೆಲ್ಲಿಂದ? ಬಾವಿಗೆ ಮುಂಚೆ ಕೆಸರು ಕೂರುವ ಸಣ್ಣ ಚೇಂಬರ್ ಇರಬೇಕು, ಶೌಚದ ಗುಂಡಿಯಿಂದ ದೂರ ಇರಬೇಕು, ಮೇಲೆ ಗಟ್ಟಿ ಮುಚ್ಚಳ ಇರಬೇಕು.

ಒಂದು ವಿಷಯ ಬೈದೇ ಹೇಳ್ತೀನಿ: ಟೆರೇಸ್ ಪೈಪನ್ನು ಸೀದಾ ಬೋರ್‌ವೆಲ್ ಕೇಸಿಂಗ್ ಒಳಗೆ ಇಳಿಸಬೇಡಿ. 'ಬೋರ್ ರೀಚಾರ್ಜ್' ಅಂತ ಹೆಮ್ಮೆಯಿಂದ ತೋರಿಸ್ತಾರೆ. ನೂರಾರು ಅಡಿ ಆಳದ ನೀರಿಗೆ ಪಾರಿವಾಳದ ಹಿಕ್ಕೆ ನೇರ ಸರಬರಾಜು. ಇಡೀ ಬೀದಿ ಅದನ್ನೇ ಮೇಲೆತ್ತಿ ಬಳಸುತ್ತೆ.

ಇದಕ್ಕಿಂತ ಕೆಟ್ಟದ್ದೂ ಇದೆ. ಪೈಪಿನ ತುದಿಯನ್ನು ಯುಜಿಡಿ, ಅಂದರೆ ಒಳಚರಂಡಿಯ ಚೇಂಬರಿಗೆ ಸೇರಿಸೋದು. ರಸ್ತೆಯಲ್ಲೂ ಕಾಣಲ್ಲ, ಯಾರೂ ಕೇಳಲ್ಲ. ಒಳಚರಂಡಿ ಲೈನ್ ಹಾಕಿರೋದು ಮನೆಯಲ್ಲಿ ಬಳಸಿ ಬಿಟ್ಟ ನೀರಿನ ಲೆಕ್ಕದಲ್ಲಿ, ಮಳೆಯ ಲೆಕ್ಕದಲ್ಲಲ್ಲ. ಬೀದಿಯ ಮನೆಗಳೆಲ್ಲ ಟೆರೇಸ್ ನೀರನ್ನು ಅದಕ್ಕೆ ನುಗ್ಗಿಸಿದರೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕುಣಿಯುತ್ತೆ. ತಗ್ಗಿನಲ್ಲಿರುವ ನೆಲಮಹಡಿಯವರ ಬಚ್ಚಲಿನಿಂದ ಹಿಮ್ಮುಖವಾಗಿ ಉಕ್ಕುತ್ತೆ. ಆಮೇಲೆ ಜಲಮಂಡಳಿಗೆ ಹಿಡಿಶಾಪ. ನಿಮ್ಮ ಮನೆಯದು ಎಲ್ಲಿಗೆ ಹೋಗುತ್ತೆ ಅಂತ ಅನುಮಾನ ಇದ್ದರೆ ಎರಡು ಬಕೆಟ್ ನೀರಿಗೆ ಬಟ್ಟೆಯ ನೀಲಿ ಕಲಸಿ ಟೆರೇಸ್ ಪೈಪಿಗೆ ಸುರಿಯಿರಿ, ಕೆಳಗೆ ಒಬ್ಬರು ಚೇಂಬರ್ ಮುಚ್ಚಳ ತೆಗೆದು ನೋಡಲಿ.

ಈಗ ಬರುತ್ತೆ ಕಾಮೆಂಟು, ಗೊತ್ತು. 'ಒಂದು ಮನೆಯಿಂದ ಏನಾಗುತ್ತೆ? ಸರ್ಕಾರ ಮೊದಲು ರಾಜಕಾಲುವೆ ಒತ್ತುವರಿ ತೆಗೀಲಿ.' ತೆಗೀಲಿ ಸ್ವಾಮಿ, ಬೇಡ ಅಂದೋರು ಯಾರು. ಆದರೆ ಒಂದು ಕ್ರಾಸಿನಲ್ಲಿ ನಲವತ್ತು ಮನೆ ಅಂತ ಹಿಡಿಯಿರಿ. 50 ಮಿ.ಮೀ. ಮಳೆ ಒಂದೇ ಸಮನೆ ಬಂದರೆ ಪ್ರತಿ ಟೆರೇಸಿನಿಂದ ಸುಮಾರು 4,000 ಲೀಟರ್, ಒಟ್ಟು 1,60,000 ಲೀಟರ್. ಅದೆಲ್ಲ ಇಪ್ಪತ್ತಡಿ ರಸ್ತೆಯ ಪಕ್ಕದ ಒಂದಡಿ ಮೋರಿಗೆ. ಮನೆಗೊಂದು ಇಂಗುಬಾವಿ ಹಿಡಿಯೋದೂ ಅದೇ 4,000 ಲೀಟರ್ ಅಂತ ಮೇಲೆ ಹೇಳಿದ್ದೆ, ಮರೆತಿಲ್ಲ ತಾನೇ? 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಮಾರ್ಚಿನಲ್ಲಿ ಟ್ಯಾಂಕರಿಗೆ ಕಾದು ಕೂತರು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶವೂ ಬಂತು. ಎರಡೂ ಒಂದೇ ಪೈಪಿನ ಕಥೆ.

'ಕಾವೇರಿ ಐದನೇ ಹಂತ ಬಂತಲ್ಲ' ಅನ್ನೋರೂ ಇದ್ದಾರೆ. ಬಂತು, 2024ರ ಅಕ್ಟೋಬರಿನಲ್ಲಿ, ದಿನಕ್ಕೆ 77.5 ಕೋಟಿ ಲೀಟರ್. ಸಂತೋಷ. ಆದರೆ ಆ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತೆ. ಟೆರೇಸಿನ ನೀರು ಮೇಲಿಂದ ಕೆಳಕ್ಕೆ ತಾನೇ ಇಳಿಯುತ್ತೆ, ಕರೆಂಟ್ ಬಿಲ್ ಇಲ್ಲ. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ 1995ರಿಂದಲೂ ಮಳೆ ನೀರಿನ ಮೇಲೇ ನಡೆದಿದ್ದು ಎಷ್ಟು ಸಲ ಪತ್ರಿಕೆಯಲ್ಲಿ ಬಂದಿದೆ! ಓದಿ, 'ಎಂಥಾ ಒಳ್ಳೆ ಕೆಲಸ' ಅಂತ ಶೇರ್ ಮಾಡಿ, ಟ್ಯಾಂಕರಿಗೆ ಫೋನ್ ಮಾಡಿದೋರು ನಾವು. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿ ಇದಕ್ಕಂತಲೇ ಥೀಮ್ ಪಾರ್ಕ್ ಮಾಡಿ ಮಾದರಿಗಳನ್ನೆಲ್ಲ ಜೋಡಿಸಿಟ್ಟಿದೆ. ಪಕ್ಕದ ಕಾಂಪ್ಲೆಕ್ಸಿಗೆ ಶಾಪಿಂಗಿಗೆ ಹೋಗುವವರು ಹತ್ತು ನಿಮಿಷ ಅಲ್ಲೂ ಹೊಕ್ಕು ಬನ್ನಿ.

ಜಗಳಗಂಟ ಅನ್ನಿ, ಪೈಪು ಹಿಡಿದೋನು ಅನ್ನಿ, ನನಗೇನೂ ಬೇಜಾರಿಲ್ಲ. ಬಾವಿ ತೋಡುವವರ ನಂಬರ್ ಕೇಳಿ ಇನ್‌ಬಾಕ್ಸಿಗೆ ಬರೋರು ಮೊದಲು ಇಷ್ಟು ಬರೆದು ಕಳಿಸಿ: ಟೆರೇಸ್ ಎಷ್ಟು ಚದರಡಿ, ಮಳೆ ಪೈಪು ಎಷ್ಟು, ಸಂಪಿನ ಅಳತೆ ಏನು, ಶೌಚದ ಚೇಂಬರ್ ಯಾವ ಮೂಲೆಯಲ್ಲಿದೆ. ಜೊತೆಗೆ ಪೈಪಿನ ತುದಿಯ ಒಂದು ಫೋಟೋ. ಡ್ರಮ್ಮಿನದು ಬೇಡ.