ಪಂಜು ಆರದ ಗುಹೆಯಲ್ಲಿ ಏನು ಆಟ?

ನಿನ್ನೆ ಮೈಸೂರಿನ ಕುವೆಂಪುನಗರದಲ್ಲಿ ಒಬ್ಬರ ಮನೆಗೆ ಆಟಕ್ಕೆ ಹೋಗಿದ್ದೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಡೈಸ್ ಹಾಕುತ್ತಾ ಗುಹೆಗಳಲ್ಲಿ ನಿಧಿ ಹುಡುಕುವ ಆಟ. ಮಂಡ್ಯಕ್ಕೆ ವಾಪಸ್ ಬರುವ ರೈಲಿನಲ್ಲೂ ನನ್ನ ಸಿಟ್ಟು ಇಳಿಯಲಿಲ್ಲ. ಈಗಲೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೇಜಿನ ಮೇಲೆ ಹೊಸ ಪುಸ್ತಕ ಇತ್ತು. ದಪ್ಪ ರಟ್ಟು, ಒಳ್ಳೇ ಕಾಗದ, ಮುಖಪುಟದಲ್ಲಿ ಎಪ್ಪತ್ತರ ದಶಕದ ಧಾಟಿಯ ಕಪ್ಪು ಬಿಳುಪು ಚಿತ್ರ. ಹಳೇ ಶೈಲಿಯ ಫ್ಯಾಂಟಸಿ ಆಟ ಅಂತ ದೊಡ್ಡ ಅಕ್ಷರದಲ್ಲಿ ಹಾಕಿಕೊಂಡಿದ್ದರು. ಖುಷಿಯಿಂದ ಕೂತೆ. ಡಿಎಂ, ಅಂದರೆ ಆಟ ನಡೆಸುವವರು, ಶುರುವಿನಲ್ಲೇ ಹೇಳಿದರು: "ಪಂಜು ಎಷ್ಟು ಉಳಿದಿದೆ ಅನ್ನೋ ಲೆಕ್ಕ ಬೇಡ, ಬೋರ್ ಆಗುತ್ತೆ. ಯಾರ ಕ್ಯಾರೆಕ್ಟರೂ ಸಾಯಲ್ಲ. ಕಥೆ ಮುಂದೆ ಹೋದಾಗ ನಾನೇ ಲೆವೆಲ್ ಕೊಡ್ತೀನಿ." ಅವರ ತಪ್ಪು ಅಂತ ನಾನು ಹೇಳಲ್ಲ. ಪುಸ್ತಕದಲ್ಲೇ ಹಾಗೆ ಬರೆದಿದೆ. ತೆಗೆದು ತೋರಿಸಿದರು.

ಹಾಗಾದರೆ ಹಳೇದು ಅಂತ ಅದರಲ್ಲಿ ಉಳಿದಿರೋದು ಏನು? ಚಿತ್ರ ಮಾತ್ರ ಅಲ್ವಾ?

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ, ನಾನು ಹಳೇ ಆಟ ಅನ್ನುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ ಅದು ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಕ, ಅಷ್ಟೇ. 1981ರಲ್ಲಿ ಟಾಮ್ ಮೋಲ್ಡ್‌ವೇ ಅದನ್ನು ಹೊಸಬರಿಗಾಗಿ 64 ಪುಟದಲ್ಲಿ ತಿದ್ದಿ ಬರೆದರು. ಹಳೇ ನಿಯಮಗಳನ್ನು ಮತ್ತೆ ಬರೆದು ತರುವ ಇವತ್ತಿನ ಎಷ್ಟೋ ರೀಮೇಕ್‌ಗಳಿಗೆ ಆ 64 ಪುಟವೇ ತಾಯಿಬೇರು. ಅದರಲ್ಲಿ ಗುಹೆಯೊಳಗಿನ ಕಾಲವನ್ನು ಹತ್ತು ಹತ್ತು ನಿಮಿಷದ ಟರ್ನ್ ಆಗಿ ಎಣಿಸುತ್ತಾರೆ. ಒಂದು ಪಂಜು ಆರು ಟರ್ನ್ ಉರಿಯುತ್ತದೆ. ಎರಡು ಟರ್ನಿಗೊಮ್ಮೆ ಡಿಎಂ ಒಂದು ಡೈಸ್ ಹಾಕುತ್ತಾರೆ. ಒಂದು ಬಿದ್ದರೆ ಕತ್ತಲಿನಿಂದ ಏನೋ ಬರುತ್ತದೆ. ಈಗ ಗೋಡೆ ತಟ್ಟಿ ಗುಪ್ತ ಬಾಗಿಲು ಹುಡುಕಬೇಕಾ, ಬೇಡವಾ? ಹುಡುಕಿದರೆ ಒಂದು ಟರ್ನ್ ಹೋಯಿತು. ಪಂಜು ಸ್ವಲ್ಪ ಕರಗಿತು. ಡೈಸ್ ಬೀಳುವ ಹೊತ್ತು ಹತ್ತಿರ ಬಂತು. ಇಡೀ ಆಟ ನಿಂತಿರುವುದು ಈ ಪ್ರಶ್ನೆಯ ಮೇಲೆ. ಪಂಜಿನ ಲೆಕ್ಕ ಕೈಬಿಟ್ಟರೆ ಪ್ರಶ್ನೆಯೇ ಇಲ್ಲ. ಎಲ್ಲ ಗೋಡೆಯನ್ನೂ ತಟ್ಟುತ್ತಾ ಹೋಗಬಹುದು, ಯಾರು ಬೇಡ ಅಂತಾರೆ?

ಇನ್ನು ಲೆವೆಲ್ ವಿಷಯ. ಹಳೇ ಆಟದಲ್ಲಿ ಹೊರಗೆ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ, ಅಂದರೆ ಲೆವೆಲ್ ಏರಲು ಬೇಕಾದ ಅಂಕ. ಗಾಬ್ಲಿನ್ ಅನ್ನುವ ಒಂದು ಪುಟ್ಟ ರಾಕ್ಷಸನನ್ನು ಕೊಂದರೆ ಐದು, ಅದನ್ನೂ ಎಲ್ಲರೂ ಹಂಚಿಕೊಳ್ಳಬೇಕು. ಫೈಟರ್, ಅಂದರೆ ಯೋಧನ ಪಾತ್ರ, ಎರಡನೇ ಲೆವೆಲ್‌ಗೆ ಹೋಗಲು 2000 ಬೇಕು. ಲೆಕ್ಕ ಹಾಕಿ ನೋಡಿ. ಬರೀ ಹೊಡೆದಾಡಿಕೊಂಡು ಹೋದರೆ ಯಾವತ್ತೂ ಮೇಲೆ ಬರಲ್ಲ, ಅದಕ್ಕೆ ಮುಂಚೆ ಸಾಯುತ್ತೀರಿ. ಕದಿಯಬೇಕು, ಮಾತಾಡಬೇಕು, ಮೋಸ ಮಾಡಬೇಕು, ಓಡಿ ಹೋಗಬೇಕು. ಕತ್ತಿ ಎತ್ತುವುದು ಕೊನೆಯ ದಾರಿ. ಲೆವೆಲ್ ಅನ್ನು ಡಿಎಂ ಸುಮ್ನೆ ಕೊಟ್ಟುಬಿಟ್ಟರೆ ಈ ಬುದ್ಧಿ ಓಡಿಸುವ ಕೆಲಸಕ್ಕೆ ಬೆಲೆ ಎಲ್ಲಿ?

ನನಗೆ ಎಲ್ಲಕ್ಕಿಂತ ಇಷ್ಟವಾದ ನಿಯಮ ಇನ್ನೊಂದಿದೆ. ರಿಯಾಕ್ಷನ್ ರೋಲ್. ಎಲ್ಲಾ ರಾಕ್ಷಸರೂ ಎದುರಾದ ಕೂಡಲೇ ಜಗಳಕ್ಕೆ ಬೀಳುತ್ತಾರೆ ಅಂತ ಹಳೇ ಪುಸ್ತಕ ಹೇಳಲ್ಲ. ಎರಡು ಡೈಸ್ ಹಾಕಬೇಕು. ಒಟ್ಟು ಎರಡು ಬಂದರೆ ಮಾತ್ರ ಅವು ತಕ್ಷಣ ಮೈಮೇಲೆ ಬೀಳುತ್ತವೆ. ಅದು 36ರಲ್ಲಿ ಒಂದು ಸಲ. ಹನ್ನೆರಡು ಬಂದರೆ ಸ್ನೇಹ. ಆರರಿಂದ ಎಂಟು ಬಂದರೆ ಅವಕ್ಕೂ ಏನು ಮಾಡಬೇಕು ಅಂತ ಗೊತ್ತಿಲ್ಲ, ನಿಮ್ಮ ಮುಖ ನೋಡುತ್ತಾ ನಿಲ್ಲುತ್ತವೆ. ನಮ್ಮ ಮಂಡ್ಯದ ಗುಂಪಿನಲ್ಲಿ ಒಮ್ಮೆ ಒಂಬತ್ತು ಬಿತ್ತು. ಗಾಬ್ಲಿನ್‌ಗಳು ಮಾತಿಗೆ ನಿಂತವು. ಹೊಸದಾಗಿ ಬಂದಿದ್ದ ಹುಡುಗ ತನ್ನ ಚೀಲದ ಊಟವನ್ನೆಲ್ಲಾ ಕೊಟ್ಟು ಕೆಳಗಿನ ಮಹಡಿಯ ದಾರಿ ಕೇಳಿಕೊಂಡ. ಆಮೇಲೆ ಎಷ್ಟೋ ವಾರ ಆ ಗಾಬ್ಲಿನ್‌ಗಳು ನಮ್ಮ ನೆರೆಹೊರೆಯವರೇ ಆಗಿಬಿಟ್ಟವು. ಇಂಥದ್ದನ್ನು ಯಾವ ಡಿಎಂ ಮೊದಲೇ ಬರೆದಿಟ್ಟುಕೊಂಡು ಬರಲು ಸಾಧ್ಯ? ನಿನ್ನೆಯ ಪುಸ್ತಕದಲ್ಲಿ ಆ ಕೋಷ್ಟಕ ಹುಡುಕಿದೆ. ಇಲ್ಲ. ಆರು ಜಗಳ ಆಡಿದೆವು, ಆರೂ ಗೆದ್ದೆವು. ಇವತ್ತು ಬೆಳಿಗ್ಗೆಗೆ ಒಂದೂ ನೆನಪಿಲ್ಲ.

ರೀಮೇಕ್ ಮಾಡಲೇಬಾರದು ಅಂತ ನಾನು ಹೇಳುತ್ತಿಲ್ಲ. ನಾನು ಆಟ ಕಲಿತಿದ್ದೇ ರೀಮೇಕ್‌ಗಳಿಂದ. 1974ರ ಪುಸ್ತಕಗಳನ್ನು ಓದಿ ಆಡುವುದು ಬಹಳ ಕಷ್ಟ. ಚೈನ್‌ಮೇಲ್ ಅನ್ನುವ ಯುದ್ಧದ ಆಟ ನಿಮ್ಮ ಕೈಲಿದೆ ಅಂದುಕೊಂಡೇ ಬರೆದಿದ್ದಾರೆ, ಒಂದು ನಿಯಮ ಇಲ್ಲಿ, ಇನ್ನೊಂದು ಎಲ್ಲೋ. 2000ನೇ ಇಸವಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಒಡೆತನ ಇರುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ, ನಿಯಮಗಳನ್ನು ಬೇರೆಯವರೂ ಬಳಸಬಹುದು ಅನ್ನುವ ಓಪನ್ ಗೇಮ್ ಲೈಸೆನ್ಸ್ ತಂದ ಮೇಲೆ ಹಳೇ ಆಟದ ಅಭಿಮಾನಿಗಳಿಗೆ ದಾರಿ ಸಿಕ್ಕಿತು. 2006ರಲ್ಲಿ ಒಸ್ರಿಕ್ ಅನ್ನುವ ರೀಮೇಕ್ ಬಂತು. ಅದೇ ಸುಮಾರಿಗೆ ಕ್ರಿಸ್ ಗೊನರ್‌ಮನ್ ಅವರ ಬೇಸಿಕ್ ಫ್ಯಾಂಟಸಿ ಬಂತು, ಅದರ ಪಿಡಿಎಫ್ ಇವತ್ತಿಗೂ ಪುಕ್ಕಟೆ. ನನ್ನ ಪ್ರತಿ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಹಾಕಿಸಿದ್ದು. ಹೊರದೇಶದಿಂದ ಬರುವ ಪುಸ್ತಕಕ್ಕೆ ಸಾವಿರಾರು ರೂಪಾಯಿ ಕೊಡಲಾಗದ ಕಾಲೇಜು ಹುಡುಗ ಹುಡುಗಿಯರು ನಮ್ಮ ಗುಂಪಿನಲ್ಲಿ ಆಡುತ್ತಿರುವುದು ಆ ಪುಣ್ಯಾತ್ಮರಿಂದ. 2019ರಲ್ಲಿ ಗ್ಯಾವಿನ್ ನಾರ್ಮನ್ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ತಂದರು. ಮೋಲ್ಡ್‌ವೇ ಕಾಲದ ನಿಯಮಗಳೇ, ಆದರೆ ಪುಟ ತೆರೆದರೆ ಬೇಕಾದದ್ದೆಲ್ಲಾ ಕಣ್ಣೆದುರು. ಕೆಲ್ಸಿ ಡಿಯೋನ್ ಅವರ ಶ್ಯಾಡೋಡಾರ್ಕ್ 2023ರದ್ದು. ಅಲ್ಲಿ ನಿಯಮಗಳನ್ನು ಧೈರ್ಯವಾಗಿಯೇ ಬದಲಾಯಿಸಿದ್ದಾರೆ. ಪಂಜು ಉರಿಯುವುದು ನಮ್ಮ ಗಡಿಯಾರದ ಒಂದು ಗಂಟೆ. ಮೊಬೈಲಿನಲ್ಲಿ ಟೈಮರ್ ಇಟ್ಟು ಆಡುತ್ತಾರೆ. ಟರ್ನ್ ಎಣಿಸುವ ಕೆಲಸ ಇಲ್ಲ, ಆದರೆ ಭಯ ಹಾಗೇ ಇದೆ, ನಿಜ ಹೇಳಬೇಕೆಂದರೆ ಇನ್ನೂ ಜಾಸ್ತಿ ಆಗಿದೆ. ಬದಲಾವಣೆ ಅಂದರೆ ಇದು! ಇವರಿಗೆ ಆಟ ಯಾವುದರ ಮೇಲೆ ನಿಂತಿದೆ ಅಂತ ಗೊತ್ತಿದೆ.

ನಮ್ಮಲ್ಲಿ ಚೌಕಾಬಾರ ಆಡದ ಮನೆ ಇದೆಯಾ? ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಸುತ್ತಿಗೆ ಹೋಗುವ ಹಾಗಿಲ್ಲ. ನಮ್ಮ ಅಜ್ಜಿ ಈ ವಿಷಯದಲ್ಲಿ ಮೊಮ್ಮಕ್ಕಳು ಅಂತಲೂ ಕರುಣೆ ತೋರಿಸುತ್ತಿರಲಿಲ್ಲ. ನಾಳೆ ಯಾರೋ ಬಣ್ಣದ ಮಣೆ, ಹಿತ್ತಾಳೆ ಕಾಯಿ, ಹೊಳೆಯುವ ಕವಡೆ ಎಲ್ಲಾ ಕೊಟ್ಟು, ಕಾಯಿ ಕಡಿಯೋದು ಮಾತ್ರ ಬೇಡ, ಮನಸ್ಸಿಗೆ ನೋವಾಗುತ್ತೆ ಅಂದರೆ ಅದನ್ನು ಚೌಕಾಬಾರ ಅಂತೀರಾ?

"ಎಲ್ಲರೂ ಕೆಲಸಕ್ಕೆ ಹೋಗುವವರು, ವಾರಕ್ಕೆ ಮೂರು ಗಂಟೆ ಸಿಗುತ್ತೆ, ಅದರಲ್ಲಿ ಕ್ಯಾರೆಕ್ಟರ್ ಸತ್ತರೆ ಬೇಜಾರಾಗಲ್ವಾ?" ಅಂತ ನಿನ್ನೆ ಒಬ್ಬರು ಕೇಳಿದರು. ಕ್ಯಾರೆಕ್ಟರ್ ಮಾಡಲು ಒಂದು ಸಂಜೆಯೇ ಬೇಕಾಗುವ ಆಟದಲ್ಲಿ ಆ ಮಾತು ಸರಿ. ಹಳೇ ಆಟದಲ್ಲಿ ಮೂರು ಡೈಸನ್ನು ಆರು ಸಲ ಹಾಕಿ, ಬಂದದ್ದನ್ನು ಬರೆದುಕೊಂಡು, ಒಂದಿಷ್ಟು ಸಾಮಾನು ಕೊಂಡರೆ ಮುಗಿಯಿತು. ಕಾಫಿ ಆರುವುದರೊಳಗೆ ಹೊಸಬರು ತಯಾರು. ಸಾವು ಇರುತ್ತದೆ ಅಂತಲೇ ಅದನ್ನು ಅಷ್ಟು ಚಿಕ್ಕದಾಗಿ ಮಾಡಿದ್ದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಿತ್ತರೆ ಹೇಗೆ?

ಬೇಜಾರಿನ ಬಗ್ಗೆ ನನಗೂ ಗೊತ್ತು. ನನ್ನದೊಬ್ಬಳು ಮಂತ್ರವಾದಿ ಇದ್ದಳು. ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಾಳುವ ಶಕ್ತಿ, ಮೂರೇ ಮೂರು. ದಿನಕ್ಕೆ ಒಂದೇ ಮಂತ್ರ, ನಿದ್ದೆ ಬರಿಸುವುದು. ಉಳಿದವರು ತಪ್ಪಿಸಿಕೊಳ್ಳಲಿ ಅಂತ ಅದನ್ನು ಬಳಸಿದೆ. ವಾಪಸ್ ಬರುವ ದಾರಿಯಲ್ಲಿ ಬೇರೇನೋ ಎದುರಾಯಿತು. ಅವಳ ಹತ್ತಿರ ಏನೂ ಉಳಿದಿರಲಿಲ್ಲ. ನನಗೆ ಅಳು ಬಂತು, ಮೇಜಿನ ಎದುರಿಗೇ. ಯಾರೂ ಮಾತಾಡಲಿಲ್ಲ. ಅವಳು ಸಾಯಲ್ಲ ಅಂತ ಮೊದಲೇ ಗೊತ್ತಿದ್ದರೆ ಆ ಮಂತ್ರ ಹೇಳುವಾಗ ನನ್ನ ಕೈ ಯಾಕೆ ನಡುಗುತ್ತಿತ್ತು?

ಸಾವಿಲ್ಲದ, ಕಥೆಯೇ ಮುಖ್ಯವಾದ ಆಟಗಳು ಬೇಕಾದಷ್ಟಿವೆ. ಚೆನ್ನಾಗಿಯೂ ಇವೆ, ನಾನೂ ಆಡುತ್ತೇನೆ. ಅವುಗಳ ಹೆಸರಿನಲ್ಲೇ ಅವನ್ನು ಮಾರಲಿ. ಹಳೇ ಆಟದ ಮುಖಪುಟ ಹಾಕಿ ಹೊಸಬರ ಕೈಗೆ ಕೊಟ್ಟರೆ, ಹಳೇ ಆಟ ಅಂದರೆ ಇಷ್ಟೇ ಅಂದುಕೊಂಡು ಅವರು ಎದ್ದು ಹೋಗುತ್ತಾರೆ. ನಿನ್ನೆ ಮೊದಲ ಸಲ ಬಂದಿದ್ದ ಹುಡುಗಿ ಹೊರಡುವಾಗ "ವಿಡಿಯೋ ಗೇಮೇ ವಾಸಿ" ಅಂದಳು. ನನಗೆ ಹೊಟ್ಟೆ ಉರಿದದ್ದು ಅಲ್ಲಿ.

ಅವಳಿಗೆ ಬೇಸಿಕ್ ಫ್ಯಾಂಟಸಿ ಪಿಡಿಎಫ್ ಕಳಿಸಿದ್ದೇನೆ. ಮುಂದಿನ ಭಾನುವಾರ ಮಧ್ಯಾಹ್ನ ಮಂಡ್ಯದಲ್ಲಿ ನಮ್ಮ ಮನೆಯಲ್ಲೇ ಆಟ, ನಾನೇ ಡಿಎಂ. ಮೈಸೂರಿನವರೂ ಬನ್ನಿ, ಎರಡು ಜಾಗ ಖಾಲಿ ಇದೆ. ಪೆನ್ಸಿಲ್ ತನ್ನಿ ಸಾಕು. ಪಂಜಿನ ಲೆಕ್ಕ ಇಡುತ್ತೇನೆ, ಅದನ್ನು ಮಾತ್ರ ಬಿಡಿ ಅಂತ ಕೇಳಬೇಡಿ.