ಬನ್ಸ್, ಗೋಳಿಬಜೆ ಮತ್ತು ಎಂಟು ಚದರ ಅಡಿ

ನಮ್ಮ ಉಡುಪಿ ಕಡೆಯ ಮನೆಗಳಲ್ಲಿ ಪ್ರಾಣಿಗಳಿಗೆ ಜಾಗ ಮೊದಲೇ ಫಿಕ್ಸ್ ಆಗಿರ್ತದೆ. ದನ ಹಟ್ಟಿಯಲ್ಲಿ, ನಾಯಿ ಅಂಗಳದಲ್ಲಿ, ಕೋಳಿ ಹಿತ್ತಿಲಲ್ಲಿ, ಬೆಕ್ಕು ಅದಕ್ಕೆ ಎಲ್ಲಿ ಬೇಕೋ ಅಲ್ಲಿ, ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಆದ್ರೆ ಗಿನಿಪಿಗ್ಗನ್ನು ಎಲ್ಲಿ ಇಡ್ಬೇಕು ಅಂತ ಯಾವ ಅಜ್ಜಿಯೂ ಹೇಳಿಟ್ಟು ಹೋಗಿಲ್ಲ ಮಾರಾಯ್ರೆ. ಹಾಗಾಗಿ ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಹುಡುಗಿಯೊಬ್ಬಳು "ಆಂಟಿ, ನೀವು ಇಟ್ಕೊಳ್ತೀರಾ" ಅಂತ ಎರಡನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೊಟ್ಟು ಹೋದ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಹುಟ್ಟಿತು. ಮಗಳು ಅವಕ್ಕೆ ಹೆಸರೂ ಇಟ್ಟಾಗಿತ್ತು, ಕಂದು ಬಣ್ಣದ್ದು ಬನ್ಸ್, ಉಂಡೆ ಉಂಡೆ ಇರುವುದು ಗೋಳಿಬಜೆ.

ಅತ್ತೆ ಕನ್ನಡಕ ಸರಿ ಮಾಡಿಕೊಂಡು ನೋಡಿದ್ರು. "ಎಂತದು ಮಾರಾಯ್ತಿ ಇದು, ಇಲಿಯಾ ಮೊಲವಾ?" ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ, ಇಲಿ ಅಳಿಲುಗಳ ದೂರದ ಸಂಬಂಧ, ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟ, ಪೆರು ದೇಶದಲ್ಲಿ ಸಾವಿರಾರು ವರ್ಷದ ಹಿಂದೆಯೇ ಜನ ಮಾಂಸಕ್ಕೆ ಅಂತ ಸಾಕಿದ್ದು, ಈಗಲೂ ಅಲ್ಲಿಯ ಹಳ್ಳಿಮನೆಗಳ ಅಡುಗೆಕೋಣೆಯಲ್ಲಿ ಓಡಾಡಿಕೊಂಡಿರ್ತವೆ ಅಂತ. "ಹಾಗಾದ್ರೆ ಕೋಳಿಯೇ ಆಯ್ತಲ್ಲ, ಹಿಂದೆ ಹಳೇ ಕೋಳಿಗೂಡು ಖಾಲಿ ಬಿದ್ದುಂಟು" ಅಂತ ಅವರು ತೀರ್ಪು ಕೊಟ್ಟೇ ಬಿಟ್ರು.

ಕೋಳಿಗೂಡು ಯಾಕೆ ಆಗುದಿಲ್ಲ ಅಂದ್ರೆ ಅದರ ಅಡಿಗೆ ಇರುವುದು ಬರೀ ಸರಳು. ಕೋಳಿಗೆ ಸರಳು ಹಿಡಿದು ಕೂರುವ ಕಾಲು ಉಂಟು, ಇವುಗಳ ಪಾದ ಬೋಳು, ಮೆತ್ತಗೆ, ತಂತಿಯ ಮೇಲೆ ನಡೆದು ನಡೆದು ಹುಣ್ಣಾಗ್ತದೆ, ಅದು ಕೀವಾದ್ರೆ ವಾಸಿ ಮಾಡುದು ಭಾರೀ ಕಷ್ಟ. ಪೇಟೆಯ ಅಂಗಡಿಯಲ್ಲಿ ಸಿಗುವ ಪಂಜರವೂ ಬಹಳಷ್ಟು ಅಂಥದ್ದೇ. ಬಣ್ಣ ಬಣ್ಣ, ಮೂರು ಅಂತಸ್ತು, ನಡುವೆ ಏಣಿ, ಒಂದು ತಿರುಗುವ ಚಕ್ರ. ಗಿನಿಪಿಗ್ಗಿಗೆ ಚಕ್ರ ಹತ್ತಿಸಿದ್ರೆ ಬೆನ್ನಿಗೇ ಪೆಟ್ಟು. ಇವು ಹತ್ತುವ ಪ್ರಾಣಿಯೇ ಅಲ್ಲ, ನೆಲದ ಮೇಲೆ ಉದ್ದಕ್ಕೆ ಓಡುವ ಪ್ರಾಣಿ, ಅವಕ್ಕೆ ಬೇಕಾದ್ದು ಅಂತಸ್ತಲ್ಲ, ಅಂಗಳ. ಎರಡಕ್ಕೆ ಕಡಿಮೆ ಅಂದ್ರೂ 7.5 ಚದರ ಅಡಿ ಬೇಕು ಅಂತಾರೆ ಬಲ್ಲವರು, ಹೆಚ್ಚಿದ್ರೆ ಇನ್ನೂ ಒಳ್ಳೆದು. ನಾವು ಎರಡಡಿ ನಾಲ್ಕಡಿ ಲೆಕ್ಕ ಹಾಕಿದೆವು, ಎಂಟು. ವೆಲ್ಡಿಂಗ್ ಶಾಪಿನವರು ಅಳತೆ ಕೇಳಿ "ನಾಯಿಗಾ?" ಅಂದ್ರು. ನಮ್ಮ ಯಜಮಾನ್ರು, ಇವರು, ಕೈಯಲ್ಲೇ ಗಾತ್ರ ತೋರಿಸಿದ್ರು. "ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡದಾ? ನಾನು ಬಾಂಬೆಯಲ್ಲಿದ್ದಾಗ ನನಗೇ ಇಷ್ಟು ಜಾಗ ಇರ್ಲಿಲ್ಲ."

ಒಂದೇ ಸಾಕಿತ್ತಲ್ಲ, ಅರ್ಧ ಜಾಗ ಉಳೀತಿತ್ತು ಅಂತ ಮಾವ ಲೆಕ್ಕ ತೆಗೆದ್ರು. ಆಗುದಿಲ್ಲ, ಒಂಟಿಯಾಗಿ ಬಿಟ್ರೆ ಸೊರಗ್ತವೆ, ಸ್ವಿಟ್ಜರ್‌ಲ್ಯಾಂಡಿನಲ್ಲಿ 2008ರಿಂದ ಒಂದನ್ನೇ ಸಾಕುದು ಕಾನೂನಿಗೇ ವಿರುದ್ಧ. ಇದನ್ನು ಹೇಳಿದ್ದೇ ಮಾವನಿಗೆ ಆ ದೇಶದ ಮೇಲಿದ್ದ ಗೌರವ ಸ್ವಲ್ಪ ಇಳಿಯಿತು. ನಮ್ಮವು ಎರಡೂ ಹೆಣ್ಣು, ಡಾಕ್ಟ್ರು ಹೊಟ್ಟೆ ಮೇಲೆ ಮಾಡಿ ನೋಡಿಯೇ ಹೇಳಿದ್ದು. ಇಲ್ಲದಿದ್ರೆ ಎರಡು ತಿಂಗಳು ಚಿಲ್ಲರೆಯಲ್ಲಿ ಕೂದಲು ಬಂದು ಕಣ್ಣು ಬಿಟ್ಟ ಮರಿಗಳೇ ಹೊರಗೆ ಬರ್ತವೆ, ಆಮೇಲೆ ಎಂಟಲ್ಲ ಹದಿನಾರು ಅಡಿಯೂ ಸಾಲುದಿಲ್ಲ.

ಗೂಡು ಕಟ್ಟುವಾಗ ನನಗೆ ಒಂದು ಮಜಾ ಕಂಡಿತು. ಸೇಫ್ ಆಗಿರ್ಬೇಕು ಅಂತ ಎಲ್ಲರೂ ಹೇಳುದು, ಆದ್ರೆ ಯಾರಿಂದ ಸೇಫ್ ಅಂತ ಕೇಳಿದ್ರೆ ಒಬ್ಬೊಬ್ಬರು ತಾವು ಯಾವುದಕ್ಕೆ ಹೆದರ್ತಾರೋ ಅದರ ಹೆಸರನ್ನೇ ಹೇಳ್ತಾರೆ. ಅತ್ತೆಗೆ ಹಾವು. ಹೆಸರು ಹೇಳುದಿಲ್ಲ ಅವರು, ಅದರಲ್ಲೂ ಮುಸ್ಸಂಜೆ ಮೇಲೆ, "ಅದು ಬಂದ್ರೆ ಎಂತ ಮಾಡುದು" ಅಂತಷ್ಟೆ. ಸುಳ್ಳಲ್ಲ, ಹುಲ್ಲು ಧಾನ್ಯ ಇದ್ದಲ್ಲಿಗೆ ಇಲಿ ಬರ್ತದೆ, ಇಲಿ ಹಿಂದೆ ತೋಟದಿಂದ ಕೇರೆ ಬರ್ತದೆ. ಹಾಗಾಗಿ ಕೋಳಿ ಬಲೆ ಬೇಡ ಅಂತ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿದ್ದು, ಮೇಲಿನ ಮುಚ್ಚಳಕ್ಕೂ ಅದೇ. ಮಲ್ಪೆಯಿಂದ ಮೀನಿನ ಬಲೆ ತಂದು ಮೇಲೆ ಕಟ್ಟಿ ಅಂತ ಇವರ ಫ್ರೆಂಡ್ ಹೇಳಿದ್ರು, ಪುಕ್ಕಟೆಯೂ ಹೌದು, ಆದ್ರೆ ನೈಲಾನನ್ನು ಹೆಗ್ಗಣ ಒಂದೇ ರಾತ್ರಿಗೆ ಕಡಿದು ಹಾಕ್ತದೆ, ಪಕ್ಕದ ಮನೆಯ ಬೆಕ್ಕು ಅದರ ಮೇಲೆ ಉಯ್ಯಾಲೆ ಆಡ್ತದೆ. ಮೆಶ್ ಕತ್ತರಿಸಿದ ಕಡೆ ತಂತಿಯ ತುದಿಗಳು ಸೂಜಿಯ ಹಾಗೆ ನಿಂತಿದ್ವು, ಅದನ್ನು ಅರ ಹಾಕಿ ಉಜ್ಜಿದ್ದು ಇವರ ಕೆಲಸ.

ಮಾವನಿಗೆ ಇರುವೆ. ಗೂಡಿಗೆ ನಾಲ್ಕು ಕಾಲು ಕೊಟ್ಟು ಕಾಲಿನ ಕೆಳಗೆ ನೀರಿನ ಬಟ್ಟಲು ಇಡ್ಬೇಕು ಅಂತ ಅವರದ್ದೇ ಐಡಿಯಾ, ಹಿಂದೆ ಬೆಲ್ಲದ ಕಪಾಟಿಗೆ ಇಡ್ತಿದ್ದ ಹಾಗೆಯೇ. ಇಟ್ಟ ಮೇಲೆ ಮಾವನಿಗೇ ಇನ್ನೊಂದು ಹೆದರಿಕೆ, ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಟ್ಟು ಡೆಂಗಿ ಮಲೇರಿಯಾ ಬಂದ್ರೆ? ನಮ್ಮ ಕರಾವಳಿಯಲ್ಲಿ ಆ ಹೆದರಿಕೆಯೂ ನ್ಯಾಯವೇ. ಈಗ ದಿನಾ ಬೆಳಿಗ್ಗೆ ಪೇಪರ್ ಓದುವ ಮೊದಲು ನಾಲ್ಕು ಬಟ್ಟಲು ಉಜ್ಜಿ ನೀರು ಬದಲಿಸುದು ಅವರ ಡ್ಯೂಟಿ. ಇವರಿಗೆ ಕರೆಂಟು, ಇನ್ವರ್ಟರ್ ವಯರಿಗೆ ಹಲ್ಲು ಹಾಕಿದ್ರೆ ಅಂತ, ಗೂಡನ್ನು ಪ್ಲಗ್ಗಿನಿಂದ ಎರಡು ಮಾರು ದೂರ ಮಾಡಿಸಿದ್ರು. ಅಡುಗೆಮನೆ ಹತ್ರ ಬೇಡ ಅಂತ ನಾನು, ಒಗ್ಗರಣೆ ಘಾಟಿಗೆ ನಾವೇ ಕೆಮ್ಮುವಾಗ ಅಂಗೈಯಷ್ಟು ಶ್ವಾಸಕೋಶವೂ ಇಲ್ಲದ ಜೀವದ ಕತೆ ಎಂತ. ಟಿವಿ ಹತ್ರವೂ ಬೇಡ. ಕೊನೆಗೆ ಹಾಲಿನ ಮೂಲೆ, ಎರಡು ಕಡೆ ಗೋಡೆ.

ಗೂಡಿನ ತಳಕ್ಕೆ ಹಾಕ್ಲಿಕ್ಕೆ ಪ್ಲಾಸ್ಟಿಕ್ಕಿನ ಸನ್‌ಪ್ಯಾಕ್ ಶೀಟ್ ತಂದೆವು, ಬೋರ್ಡು ಬರೆಯುವವರ ಹತ್ರ ಸಿಗ್ತದಲ್ಲ, ಒದ್ದೆ ಕೆಳಗಿಳಿಯುದಿಲ್ಲ. ಅವರು ಕೊಟ್ಟದ್ದು ಒಂದು ಯಕ್ಷಗಾನ ಬಯಲಾಟದ ಹಳೇ ಬೋರ್ಡು. ಅಕ್ಷರದ ಕಡೆ ಮೇಲೆ ಮಾಡುದಾ ಕೆಳಗೆ ಮಾಡುದಾ ಅಂತ ಚರ್ಚೆ, ದೇವರ ಹೆಸರುಂಟು ಅಂತ ಅತ್ತೆ ಆ ತುಂಡನ್ನು ಕತ್ತರಿಸಿ ತೆಗೆಸಿದ್ರು. ಅದರ ಮೇಲೆ ಹಾಸು. ಮರದ ಮಿಲ್ಲಿನ ಹುಡಿ ಬೇಡವೇ ಬೇಡ, ಧೂಳು ಮೂಗಿಗೆ ಹೋಗ್ತದೆ, ದೇವದಾರು ಪೈನ್ ಅಂಥ ಮರದ್ದಾದ್ರೆ ಅದರ ಎಣ್ಣೆ ವಾಸನೆಯೇ ಹಾಳು. ಎಲ್ಲಾ ಕಡೆ ಹೇಳುದು ಫ್ಲೀಸ್ ಬಟ್ಟೆ ಹಾಕಿ, ಒಗೆದು ಒಣಗಿಸಿ ಮತ್ತೆ ಹಾಕಿ ಅಂತ. ಒಣಗಿಸಿ! ಅದನ್ನು ಬರೆದವರು ಜುಲೈ ತಿಂಗಳಲ್ಲಿ ಉಡುಪಿಗೆ ಬಂದವರಲ್ಲ. ಶಾಲೆಯ ಯೂನಿಫಾರ್ಮನ್ನೇ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸುವ ಊರು ನಮ್ಮದು. ಈಗ ಬಚ್ಚಲಿನ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ, ಇವರ ಅಂಗಿಯ ಪಕ್ಕ ಬನ್ಸಿನ ಹಾಸು ನೇತಾಡ್ತದೆ, ಆಫೀಸಲ್ಲಿ ಇವರ ಹತ್ರ ಹುಲ್ಲಿನ ವಾಸನೆ ಬರ್ತದಂತೆ. ಒಣಗದ ದಿನ ಹಳೇ ಪೇಪರು, ಮಾವ ಪದಬಂಧ ತುಂಬಿಸಿದ ಮೇಲೆ ಮಾತ್ರ.

ಹುಲ್ಲಿನದ್ದೂ ಅದೇ ಗೋಳು. ಇವುಗಳ ಹಲ್ಲು ಸಾಯುವ ತನಕ ಬೆಳೀತಾ ಇರ್ತದೆ, ಸವೀಲಿಕ್ಕೆ ದಿನವಿಡೀ ಹುಲ್ಲು ಜಗೀಲೇ ಬೇಕು. ಪ್ಯಾಕೆಟ್ಟಿನ ತಿಮೊತಿ ಹುಲ್ಲಿಗೆ ನಮ್ಮ ತಿಂಗಳ ಮೀನಿನ ಬಜೆಟ್ಟೇ ಹೋಗ್ತದೆ. ಬೈಹುಲ್ಲು ಜಗೀಲಿಕ್ಕೆ ಆಗ್ತದೆ, ಆದ್ರೆ ಅದರಲ್ಲಿ ಸತ್ವ ಕಡಿಮೆ, ಮಳೆಗಾಲದಲ್ಲಿ ಬೂಸ್ಟು ಹಿಡಿದದ್ದು ತಿಂದ್ರೆ ಕಾಯಿಲೆ. ಹಾಗಾಗಿ ಎರಡೂ ಬೆರೆಸಿ, ತಿಮೊತಿಯೇ ಜಾಸ್ತಿ, ಬಿಗಿ ಮುಚ್ಚಳದ ಡ್ರಮ್ಮಲ್ಲಿ ತುಂಬಿಸಿಟ್ಟು, ಜೊತೆಗೆ ಕಂಪೌಂಡಿನ ಗರಿಕೆ. ಸಿ ವಿಟಮಿನ್ ನಮ್ಮ ಹಾಗೆಯೇ ಇವಕ್ಕೂ ಮೈಯಲ್ಲಿ ತಯಾರಾಗುದಿಲ್ಲ, 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬಿಬ್ಬರು ಸಿ ವಿಟಮಿನ್ ಸಾಲದೆ ನಾವಿಕರಿಗೆ ಬರ್ತಿದ್ದ ಸ್ಕರ್ವಿ ರೋಗವನ್ನು ಗಿನಿಪಿಗ್ಗಲ್ಲೂ ಬರಿಸಿ ತೋರಿಸ್ಲಿಕ್ಕೆ ಆದದ್ದು ಇದೇ ಕಾರಣಕ್ಕೆ. ಒಂದು ತುಂಡು ದೊಣ್ಣೆಮೆಣಸು, ಪೇರಳೆ, ಕೊತ್ತಂಬರಿ ಸೊಪ್ಪು, ಮುಗೀತು. ಫ್ರಿಜ್ಜಿನ ಬಾಗಿಲು ತೆಗೆದ ಸದ್ದಿಗೇ ವೀಕ್ ವೀಕ್ ಅಂತ ಮನೆ ಎಬ್ಬಿಸ್ತವೆ, ನೀವು ನೀರಿಗೆ ತೆಗೆದ್ರೂ ಅಷ್ಟೆ.

ನನ್ನ ಹೆದರಿಕೆ ಸೆಕೆ. ಬೆಟ್ಟದ ಚಳಿಯ ಪ್ರಾಣಿ, ಮೈ ಬೆವರುದಿಲ್ಲ, 18ರಿಂದ 24 ಡಿಗ್ರಿ ಹಿತ, 30 ದಾಟಿದ್ರೆ ಪ್ರಾಣಕ್ಕೇ ಕುತ್ತು. ಮೇ ತಿಂಗಳಲ್ಲಿ ನಮ್ಮ ಮಾಡಿನ ಕೆಳಗೆ ಮೂವತ್ತಕ್ಕೆ ಇಳಿದ್ರೆ ಅದೇ ತಂಪು. ಫ್ಯಾನಿನ ಗಾಳಿ ನೇರ ಬೀಳದ ಹಾಗೆ ತಿರುಗಿಸಿ, ನೀರು ಗಟ್ಟಿ ಮಾಡಿದ ಬಾಟ್ಲಿಗೆ ಬಟ್ಟೆ ಸುತ್ತಿ ಒಳಗಿಟ್ಟು, ಮಾಡಿನಿಂದ ತೆಗೆದ ಹಳೇ ಹಂಚೊಂದನ್ನು ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡಿ ಹಾಸಿನ ಮೇಲೆ ಮಲಗಿಸಿದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಫ್ಯಾಕ್ಟರಿ ಹಾಕುವಾಗ ಗೋಳಿಬಜೆ ಅದರ ಮೇಲೆ ಹೊಟ್ಟೆ ಚೆಲ್ಲಿ ಬಿದ್ದುಕೊಳ್ತದೆ ಅಂತ ಅಂದಾಜು ಮಾಡಿರ್ಲಿಕ್ಕಿಲ್ಲ. ಅದು ಉಗುರು ಸವೀಲಿಕ್ಕೂ ಆಯ್ತು.

ಇನ್ನು ಅವುಗಳದ್ದೇ ಹೆದರಿಕೆ, ಅದನ್ನು ಮಾತ್ರ ಯಾರೂ ಕೇಳಿರ್ಲಿಲ್ಲ. ಹಾವಿನ ಸುದ್ದಿ ಅವಕ್ಕೆ ಗೊತ್ತೇ ಇಲ್ಲ, ಇನ್ವರ್ಟರ್ ಅಂದ್ರೆ ಎಂತ ಅಂತ್ಲೂ ಗೊತ್ತಿಲ್ಲ. ಮೇಲಿನಿಂದ ಇಳಿದು ಬರುವ ಕೈ ಕಂಡ್ರೆ ಮಾತ್ರ ಎದೆ ಒಡೆದು ಹೋದ ಹಾಗೆ ಓಡ್ತವೆ, ಗಿಡುಗನಿಗೆ ಹೆದರಿಯೇ ಬದುಕಿದ ವಂಶ ಅಲ್ವಾ, ನಮ್ಮ ಪ್ರೀತಿಯೂ ಬರುದು ಗಿಡುಗ ಬರುವ ದಿಕ್ಕಿನಿಂದಲೇ. ಮುಚ್ಚಳ ಇದ್ದದ್ದು ಮೇಲೆ, ವೆಲ್ಡಿಂಗಿನವರ ಹತ್ರ ಪುನಃ ಹೋಗಿ ಬದಿಯಲ್ಲೊಂದು ಬಾಗಿಲು ಮಾಡಿಸಿ ಆಯ್ತು. ಒಳಗೆ ಎರಡು ರಟ್ಟಿನ ಮನೆ, ಪ್ರತಿಯೊಂದಕ್ಕೂ ಎರಡು ಬಾಗಿಲು, ಯಾಕಂದ್ರೆ ಒಂದೇ ಬಾಗಿಲಿದ್ರೆ ಬನ್ಸ್ ಅಲ್ಲೇ ಅಡ್ಡ ಕೂತು ಗೋಳಿಬಜೆಯನ್ನು ಹೊರಗೆ ಬಿಡುದಿಲ್ಲ. ನೆಲಕ್ಕೆ ಕೂತು ಬದಿಯಿಂದ ಕೈ ಚಾಚಿದ್ರೆ ಈಗ ಮೂಸಿ ನೋಡ್ತವೆ. ಮನಸ್ಸು ಬಂದ್ರೆ ನಿಂತಲ್ಲೇ ಚಂಗನೆ ಹಾರ್ತವೆ, ಅದು ಖುಷಿಯ ಹಾರಾಟವಂತೆ, ಅತ್ತೆ ಮೊದಲ ಸಲ ನೋಡಿ ಫಿಟ್ಸ್ ಅಂದುಕೊಂಡು ಬೀಗದ ಗೊಂಚಲು ಹುಡುಕ್ಲಿಕ್ಕೆ ಓಡಿದ್ರು.

ಮುಂದಿನ ವಾರ ಕುಂದಾಪುರದಲ್ಲಿ ಮದುವೆ, ಎಲ್ಲರೂ ಹೋಗ್ಲೇ ಬೇಕು. ಪಕ್ಕದ ಮನೆಯ ಬಾಯಮ್ಮ ನೋಡಿಕೊಳ್ತೇನೆ ಅಂತ ಒಪ್ಪಿದ್ದಾರೆ. ಹುಲ್ಲು, ನೀರು, ಬಟ್ಟಲು, ಬಾಟ್ಲಿ ಎಲ್ಲ ವಿವರಿಸಿದೆ, ಎಲ್ಲದಕ್ಕೂ ಹೂಂ ಅಂದ್ರು. ಕೊನೆಗೆ ಗೂಡಿನ ಸುತ್ತ ಒಂದು ಸುತ್ತು ಬಂದು, ಮೆಶ್ ಎಳೆದು ನೋಡಿ, "ಎಲ್ಲ ಸರಿ, ಕಳ್ಳರು ಬಂದ್ರೆ?" ಅಂದ್ರು.

ಈಗ ಬದಿ ಬಾಗಿಲಿಗೆ ಒಂದು ಬೀಗವೂ ಉಂಟು.